ಮಾಯಫಲದ ಮಸಿ ಮತ್ತು ಬಿಟ್ಟ ಕಾಗದದ ಬೆಳಕು

ಕಳೆದ ಫೆಬ್ರುವರಿಯಲ್ಲಿ ಕೊಪ್ಪಳದ ಪೇಟೆಯ ಹಳೆಯ ಗಿಡಮೂಲಿಕೆ ಅಂಗಡಿಯೊಂದರಲ್ಲಿ ನಿಂತು ಕಾಲು ಕಿಲೋ ಮಾಯಫಲ ಬೇಕೆಂದು ಕೇಳಿದೆ. ತಕ್ಕಡಿಗೆ ಕೈ ಹಾಕುವ ಮೊದಲು ಅಂಗಡಿಯ ಅಜ್ಜ ನನ್ನ ಮುಖವನ್ನೊಮ್ಮೆ ನೋಡಿ, "ಮನ್ಯಾಗ ಬಾಣಂತಿ ಅದಾರೇನ್ರೀ ಸರ? ಕೂಸಿಗೆ ತೇಯಾಕ ಎರಡು ಕಾಯಿ ಸಾಕಲ್ರೀ, ಇಷ್ಟ್ಯಾಕ?" ಎಂದರು. "ಮಸಿ ಮಾಡಾಕ್ರೀ ಅಜ್ಜಾರ, ಚಿತ್ರ ಬರಿಯಾಕ" ಎಂದೆ. ಅವರು ಮತ್ತೇನೂ ಕೇಳದೆ ತೂಗಿ ಕೊಟ್ಟರು. ಮನೆಗೆ ನಡೆಯುವಾಗ ಅವರ ಪ್ರಶ್ನೆಯೇ ಮನಸ್ಸಿನಲ್ಲಿ ಉಳಿಯಿತು, ಏಕೆಂದರೆ ನಾನು ಆ ಮಸಿಯಿಂದ ನಕಲು ಮಾಡಲು ಹೊರಟಿದ್ದ ಚಿತ್ರದಲ್ಲಿ ನಿಜವಾಗಿಯೂ ಒಬ್ಬ ಬಾಣಂತಿ ಇದ್ದಳು.

ಆ ಚಿತ್ರ ನಿಕೊಲಾ ಪುಸ್ಸೆನ್ ಎಂಬ ಫ್ರೆಂಚ್ ಕಲಾವಿದನದು. 1594ರಲ್ಲಿ ಹುಟ್ಟಿದ ಆತ ಇನ್ನೂ ಪ್ಯಾರಿಸ್ಸಿನಲ್ಲಿದ್ದಾಗ, ಸುಮಾರು 1622–23ರಲ್ಲಿ, ಜಾಂಬಾಟಿಸ್ಟ ಮರೀನೊ ಎಂಬ ಇಟಲಿಯ ಕವಿಗಾಗಿ ರೋಮನ್ ಕವಿ ಓವಿಡ್‌ ಹೇಳಿದ ರೂಪಾಂತರದ ಕಥೆಗಳನ್ನು ಲೇಖನಿ ಮತ್ತು ಕುಂಚದಲ್ಲಿ ಚಿತ್ರಿಸಿಕೊಟ್ಟನು. ಆ ಹಾಳೆಗಳು ಈಗ ಇಂಗ್ಲೆಂಡಿನ ವಿಂಡ್ಸರ್ ಅರಮನೆಯ ಸಂಗ್ರಹದಲ್ಲಿವೆ. ಅವುಗಳಲ್ಲಿ ಒಂದು ಅಡೋನಿಸ್‌ನ ಜನನ. ತಂದೆಯನ್ನೇ ಮೋಹಿಸಿದ ಪಾಪಕ್ಕಾಗಿ ಓಡಿಹೋದ ಮಿರ್ರಾ ದೇವತೆಗಳಲ್ಲಿ ಮೊರೆಯಿಟ್ಟು ಮರವಾಗುತ್ತಾಳೆ. ಮರವಾದ ಮೇಲೂ ಅವಳ ಬಸಿರು ನಿಲ್ಲುವುದಿಲ್ಲ. ದಿನ ತುಂಬಿದಾಗ ಹೆರಿಗೆಯ ದೇವತೆ ಬಂದು ಕೈ ಇಡುತ್ತಾಳೆ, ತೊಗಟೆ ಬಿರಿದು ಮಗು ಹೊರಬರುತ್ತದೆ, ಜಲದೇವಿಯರು ಅದನ್ನು ಹುಲ್ಲಿನ ಮೇಲೆ ಮಲಗಿಸಿ ತಾಯಿಯ ಕಣ್ಣೀರನ್ನೇ ಮೈಗೆ ಸವರುತ್ತಾರೆ. ಆ ಕಣ್ಣೀರೆಂದರೆ ಮರದಿಂದ ಒಸರುವ ಅಂಟು, ನಮ್ಮ ಅಂಗಡಿಗಳಲ್ಲಿ ಹೀರಾಬೋಳ ಎಂದು ಮಾರುವ ಪದಾರ್ಥ. ಮಾಯಫಲ ತಂದ ಅಂಗಡಿಯಲ್ಲೇ ಅದೂ ಒಂದು ಡಬ್ಬಿಯಲ್ಲಿ ಇತ್ತು.

ನಾನು ಪ್ರೌಢಶಾಲೆಯಲ್ಲಿ ಚಿತ್ರಕಲೆ ಕಲಿಸುವವನು. ಈ ಚಿತ್ರವನ್ನು ಪರದೆಯ ಮೇಲೆ ಹಿಗ್ಗಿಸಿ ಹಿಗ್ಗಿಸಿ ಎಷ್ಟೋ ಸಂಜೆ ನೋಡಿದ್ದೆ. ನೋಡಿದಷ್ಟೂ ನನ್ನನ್ನು ಕಾಡಿದ್ದು ಅದರ ಕಥೆಗಿಂತ ಹೆಚ್ಚಾಗಿ ಅದನ್ನು ಮಾಡಿದ ಕೈಯ ಕ್ರಮ. ಯಾವುದು ಮೊದಲು ಬಂತು, ಯಾವುದು ಆಮೇಲೆ, ಎಲ್ಲಿ ಕಾದರು, ಎಲ್ಲಿ ಅವಸರ ಮಾಡಿದರು ಎಂಬುದನ್ನು ಕಣ್ಣು ಊಹಿಸಬಲ್ಲದು, ಆದರೆ ಅದು ಖಾತ್ರಿಯಾಗುವುದು ಅದೇ ಬಗೆಯ ಸಾಮಗ್ರಿಯನ್ನು ಕೈಗೆ ತೆಗೆದುಕೊಂಡಾಗ ಮಾತ್ರ. ಹದಿನೇಳನೆಯ ಶತಮಾನದ ಕಲಾವಿದರಿಗೆ ಅಂಗಡಿಯಲ್ಲಿ ಸಿದ್ಧ ಶಾಯಿಯ ಬಾಟಲಿ ಸಾಲುಸಾಲಾಗಿ ಸಿಗುತ್ತಿರಲಿಲ್ಲ. ಮಸಿಯ ಗುಣವನ್ನು ಅರಿತೇ ಅವರು ಗೆರೆಯನ್ನು ಯೋಚಿಸುತ್ತಿದ್ದರು. ಆದ್ದರಿಂದ ಮಸಿಯಿಂದಲೇ ಆರಂಭಿಸಬೇಕೆಂದು ನಿಶ್ಚಯಿಸಿದೆ.

ಆ ಕಾಲದ ಯುರೋಪಿನಲ್ಲಿ ಬರೆಯಲು ಮತ್ತು ಚಿತ್ರಿಸಲು ಅತಿ ಹೆಚ್ಚು ಬಳಕೆಯಲ್ಲಿದ್ದದ್ದು ಕಬ್ಬಿಣದ ಮಸಿ. ಓಕ್ ಮರದ ಚಿಗುರಿನಲ್ಲಿ ಒಂದು ಬಗೆಯ ಕಣಜ ಮೊಟ್ಟೆಯಿಟ್ಟಾಗ ಮರವು ಆ ಜಾಗವನ್ನು ಗಂಟಿನಂತೆ ಬೆಳೆಸುತ್ತದೆ. ಆ ಗಂಟಿನಲ್ಲಿ ಒಗರು ತುಂಬಿರುತ್ತದೆ. ಅವುಗಳಲ್ಲಿ ಅತ್ಯುತ್ತಮವೆಂದು ಯುರೋಪಿನವರು ಹುಡುಕಿ ತರಿಸುತ್ತಿದ್ದದ್ದು ಸಿರಿಯಾದ ಅಲೆಪ್ಪೊ ಕಡೆಯ ಗಂಟುಗಳನ್ನು; ಅವು ನಾವು ಮಾಯಫಲ, ಮಾಚಿಕಾಯಿ ಎಂದು ಕರೆಯುವ ಕಾಯಿಗಳೇ, ಒಂದೇ ಜಾತಿಯ ಓಕ್ ಮರದವು. ಇದು ತಿಳಿದ ದಿನ ನನಗಾದ ಸಂತೋಷವನ್ನು ಹೇಳದಿರಲಾರೆ. ನಮ್ಮ ಅಜ್ಜಿ ಸಾಣೆಕಲ್ಲಿನ ಮೇಲೆ ತೇದು ನಮ್ಮ ನಾಲಿಗೆಗೆ ಸವರಿದ ಆ ಒಗರೇ ಯುರೋಪಿನ ಕಲಾವಿದರ ಗೆರೆಯಾಗಿತ್ತು.

ಕಾಯಿಯನ್ನು ಜಜ್ಜಿ, ನೀರಿನಲ್ಲಿ ನೆನೆಯಿಟ್ಟು, ಐದು ದಿನ ಬಿಟ್ಟು, ಬಟ್ಟೆಯಲ್ಲಿ ಸೋಸಿದೆ. ಮೂರು ಪಾಲು ಕಾಯಿಗೆ ಎರಡು ಪಾಲು ಅನ್ನಭೇದಿ, ಒಂದು ಪಾಲು ಗೋಂದು ಎಂಬುದು ನಾನು ಹಿಡಿದ ಅಳತೆ. ಅನ್ನಭೇದಿ ಎಂದರೆ ಫೆರಸ್ ಸಲ್ಫೇಟ್. ಶೇಂಗಾ ಬೆಳೆಯ ಎಲೆ ಹಳದಿಯಾದಾಗ ಸಿಂಪಡಿಸಲು ನಮ್ಮ ರೈತರು ಕೊಂಡೊಯ್ಯುವುದು ಇದನ್ನೇ, ಆದ್ದರಿಂದ ಗೊಬ್ಬರದ ಅಂಗಡಿಯಲ್ಲಿ ಸಲೀಸಾಗಿ ಸಿಕ್ಕಿತು. ಗೋಂದಿಗೆ ಕರಿಜಾಲಿಯ ಅಂಟು ತಂದೆ. ನಮ್ಮ ಸೀಮೆಯ ಬೇಲಿಗಳ ತುಂಬ ಹಬ್ಬಿರುವ ಬಳ್ಳಾರಿ ಜಾಲಿ ಬೇರೆಯೇ ಗಿಡ, ಹೆಸರು ಒಂದೇ ಎಂದು ಅದನ್ನು ನಂಬಬಾರದು.

ಹಸಿರು ಹರಳುಗಳನ್ನು ಕಂದು ಕಷಾಯಕ್ಕೆ ಹಾಕಿದ ಕ್ಷಣ ಬಟ್ಟಲಿನ ಬಣ್ಣ ತಿರುಗಿತು. ಆದರೂ ಅದರಿಂದ ಕಾಗದದ ಮೇಲೆ ಎಳೆದ ಗೆರೆ ಮೊದಲಿಗೆ ಮಾಸಲು ಬೂದಿಯಾಗಿಯೇ ಕಂಡಿತು. ಹತ್ತು ನಿಮಿಷದಲ್ಲಿ ಅದು ದಟ್ಟವಾಗತೊಡಗಿತು, ಮರುದಿನ ಬೆಳಿಗ್ಗೆ ನೋಡಿದರೆ ಕಪ್ಪಾಗಿತ್ತು. ಕಬ್ಬಿಣ ಮತ್ತು ಒಗರು ಸೇರಿದ ದ್ರಾವಣವು ಗಾಳಿಯಲ್ಲಿನ ಆಮ್ಲಜನಕವನ್ನು ಹೀರಿಕೊಂಡಾಗಲೇ ನೀರಿನಲ್ಲಿ ಕರಗದ ಕಪ್ಪು ಬಣ್ಣವಾಗುತ್ತದೆ. ಆ ಬದಲಾವಣೆ ಕಾಗದದ ನಾರುಗಳ ನಡುವೆಯೇ ನಡೆಯುವುದರಿಂದ ಗೆರೆ ಅಲ್ಲಿಯೇ ಬೇರೂರುತ್ತದೆ. ಅಂದರೆ ಕಲಾವಿದನು ಗೆರೆ ಎಳೆಯುವಾಗ ಅದರ ನಿಜವಾದ ಗಾಢತೆಯನ್ನು ಕಾಣುತ್ತಿರಲಿಲ್ಲ. ನಾಳೆ ಹೇಗೆ ಕಾಣುತ್ತದೆ ಎಂಬುದನ್ನು ಅನುಭವದಿಂದ ಅರಿತು ಇಂದು ಎಳೆಯಬೇಕಾಗಿತ್ತು.

ಅದೇ ಮಸಿ ನೂರಾರು ವರ್ಷಗಳಲ್ಲಿ ಮತ್ತೆ ಬಣ್ಣ ಬದಲಿಸಿ ಕಂದಾಗುತ್ತದೆ. ಹದಿನೇಳನೆಯ ಶತಮಾನದ ಯುರೋಪಿನ ಬರೋಕ್ ಶೈಲಿಯ ಚಿತ್ರಗಳಲ್ಲಿ ನಾವು ಮೆಚ್ಚುವ ಬೆಚ್ಚನೆಯ ಕಂದು, ಎಷ್ಟೋ ಹಾಳೆಗಳಲ್ಲಿ, ಕಲಾವಿದನ ಆಯ್ಕೆಯಾಗಿರದೆ ವಯಸ್ಸಿನ ಬಣ್ಣವಾಗಿದೆ. ಇದನ್ನು ಮನಸ್ಸಿನಲ್ಲಿಟ್ಟು ನೋಡಿದರೆ ಒಂದೊಂದು ಚಿತ್ರದ ಬೆಳಕು-ನೆರಳಿನ ಲೆಕ್ಕವೇ ಬೇರೆಯಾಗಿ ಕಾಣತೊಡಗುತ್ತದೆ. ಮಸಿಯಲ್ಲಿ ಉಳಿಯುವ ಆಮ್ಲ ಮತ್ತು ಹೆಚ್ಚಾದ ಕಬ್ಬಿಣ ಕಾಗದದ ನಾರನ್ನು ಸುಡುತ್ತವೆ ಎಂಬುದು ಇನ್ನೊಂದು ಸಂಗತಿ. ಇಟಲಿಯ ಚೆಂತೊ ಎಂಬ ಊರಿನ ಗ್ವೆರ್ಚಿನೊ (1591–1666) ಲೇಖನಿಯನ್ನು ಎಷ್ಟು ಧಾರಾಳವಾಗಿ ಓಡಿಸುತ್ತಿದ್ದನೆಂದರೆ, ಮಸಿ ದಪ್ಪವಾಗಿ ನಿಂತ ಕಡೆ ಅವನ ಕೆಲವು ಹಾಳೆಗಳಲ್ಲಿ ಕಾಗದವೇ ತಿಂದುಹೋಗಿದೆ. ಅವನ ನೆರಳುಗಳು ಇಂದು ತೂತುಗಳಾಗಿರುವುದನ್ನು ನೋಡಿದಾಗ ಮನಸ್ಸಿಗೆ ನೋವಾಗುತ್ತದೆ.

ಮಸಿ ಇದೊಂದೇ ಅಲ್ಲ. ದೀಪದ ಕಾಡಿಗೆಗೆ ಗೋಂದು ಸೇರಿಸಿದ ಕಪ್ಪು ಮಸಿ ಅಲ್ಲಿಯೂ ಇತ್ತು, ನಮ್ಮಲ್ಲಿಯೂ ಇತ್ತು. ಅದಲ್ಲದೆ ಬಿಸ್ಟರ್ ಎಂಬ ಇನ್ನೊಂದು ಬಣ್ಣವಿತ್ತು: ಬೀಚ್ ಮರದ ಸೌದೆ ಉರಿಸಿದ ಹೊಗೆಗೂಡಿನಲ್ಲಿ ಕಟ್ಟುವ ಜಿಗುಟು ಮಸಿಯನ್ನು ನೀರಿನಲ್ಲಿ ಕುದಿಸಿ ಸೋಸಿದ ಹೊನ್ನಗಂದು ದ್ರವ. ಅಮ್ಮನ ಊರಿನ ಮನೆಯಲ್ಲಿ ಇನ್ನೂ ಕಟ್ಟಿಗೆಯ ಒಲೆ ಇದೆ. ಅಡುಗೆಮನೆಯ ಜಂತಿಗೆ ಜೋತುಬಿದ್ದ ಇಲ್ಲಣವನ್ನು ಒಂದು ಡಬ್ಬಿ ತುಂಬ ಕೆರೆದು ತಂದು ಕುದಿಸಿದೆ. ಬಣ್ಣ ಬಂತು, ಪಾರದರ್ಶಕವಾಗಿಯೂ ಇತ್ತು. ಆದರೆ ಒಣಗಿದ ಮೇಲೂ ಒದ್ದೆ ಕುಂಚ ತಾಗಿದೊಡನೆ ಅದು ಕರಗಿ ಎದ್ದಿತು. ಹೊರಗಣ್ಣಿಗೆ ಒಂದೇ ಕಂದಾಗಿ ಕಾಣುವ ಎರಡು ಮಸಿಗಳ ನಡುವಿನ ಈ ವ್ಯತ್ಯಾಸ ಚಿತ್ರಿಸುವವನಿಗೆ ಬಹಳ ದೊಡ್ಡದು. ಸಂಗ್ರಹಾಲಯಗಳಲ್ಲಿ ಕಾಡಿಗೆಯ ಮಸಿಯನ್ನು ಕಬ್ಬಿಣದ ಮಸಿಯಿಂದ ಬೇರ್ಪಡಿಸಲು ಅವಗೆಂಪು ಕಿರಣದಲ್ಲಿ ನೋಡುತ್ತಾರೆ. ಆಗ ಕಾಡಿಗೆಯ ಮಸಿ ಕಪ್ಪಾಗಿಯೇ ನಿಲ್ಲುತ್ತದೆ, ಕಬ್ಬಿಣದ ಮಸಿ ಕಣ್ಮರೆಯಾಗುತ್ತದೆ.

ಲೇಖನಿಯ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಪರಿಚಿತರೊಬ್ಬರ ತೋಟದಲ್ಲಿ ಸಾಕಿದ ಹೆಬ್ಬಾತಿನ ಉದುರಿದ ಗರಿಗಳನ್ನು ಆರಿಸಿ ತಂದು, ಮಂಡಾಳು ಹುರಿಯುವ ಭಟ್ಟಿಯ ಬಿಸಿ ಮರಳಿನಲ್ಲಿ ಕೆಲ ಕ್ಷಣ ಹೂತಿಟ್ಟೆ. ಅದರಿಂದ ದಂಟು ಗಟ್ಟಿಯಾಗಿ ಚೂಪಾಗಿ ಕತ್ತರಿಸಲು ಬರುತ್ತದೆ. ಯುರೋಪಿನವರೂ ಹೀಗೆ ಮರಳಿನಲ್ಲಿಯೇ ಹದ ಮಾಡುತ್ತಿದ್ದರು. ಬಲಗೈಯವರಿಗೆ ಎಡರೆಕ್ಕೆಯ ಗರಿ ಒಳ್ಳೆಯದು, ಅದರ ಬಾಗು ಕಣ್ಣಿಗೆ ಅಡ್ಡವಾಗದೆ ಹೊರಕ್ಕೆ ತಿರುಗುತ್ತದೆ. ಉಕ್ಕಿನ ನಿಬ್ಬಿಗೆ ಒಗ್ಗಿದ ನನ್ನ ಕೈಗೆ ಗರಿಯ ಮೃದುತ್ವ ಹೊಸದು. ಸ್ವಲ್ಪ ಒತ್ತಿದರೆ ಗೆರೆ ಉಬ್ಬುತ್ತದೆ, ಬಿಟ್ಟರೆ ಎಳೆಯಾಗುತ್ತದೆ, ಆದ್ದರಿಂದ ಮೊಣಕಾಲಿನ ಮಡಿಕೆಯನ್ನಾಗಲಿ ತೋಳು ಕೊಂಬೆಯಾಗುವ ಗಂಟನ್ನಾಗಲಿ ಒಂದೇ ಎಳೆತದಲ್ಲಿ ತೋರಿಸಲು ಸಾಧ್ಯವಾಗುತ್ತದೆ.

ಈಗ ನಿಜವಾದ ಕಷ್ಟಕ್ಕೆ ಬರುತ್ತೇನೆ, ಅದು ವಾಶ್. ಮಸಿಯನ್ನು ನೀರಿನಲ್ಲಿ ತೆಳು ಮಾಡಿ ಕುಂಚದಲ್ಲಿ ಹರಡಿ ನೆರಳು ಕಟ್ಟುವ ಈ ಕ್ರಮ ನೋಡಲು ಸರಳ. ಪುಸ್ಸೆನ್‌ನ ಆ ಹಾಳೆಯಲ್ಲಿ ಹೆಂಗಸರ ಬೆನ್ನು, ಭುಜ, ಬಟ್ಟೆಯ ಮಡಿಕೆಗಳ ಮೇಲೆ ಬೀಳುವ ಬೆಳಕಿಗೆ ಅವನು ಯಾವ ಬಣ್ಣವನ್ನೂ ಹಚ್ಚಿಲ್ಲ. ಅಲ್ಲಿ ಕಾಗದವನ್ನು ಹಾಗೆಯೇ ಬಿಟ್ಟಿದ್ದಾನೆ, ಸುತ್ತ ನೆರಳು ಹಾಕಿದಾಗ ಆ ಬಿಟ್ಟ ಜಾಗವೇ ಬೆಳಗುತ್ತದೆ. ಒಮ್ಮೆ ಕುಂಚ ತಾಗಿದರೆ ಆ ಬೆಳಕು ಹೋಯಿತು, ಮರಳಿ ತರಲು ಬಿಳಿ ಸೀಸವನ್ನು ಹಚ್ಚಬೇಕು, ಮತ್ತು ಆ ಬಿಳಿ ಸೀಸ ಗಾಳಿಯಲ್ಲಿನ ಗಂಧಕದ ಅನಿಲ ತಾಗಿ ಕಾಲಕ್ರಮದಲ್ಲಿ ಕಪ್ಪಾಗಬಹುದು. ಆದ್ದರಿಂದ ಬೆಳಕು ಎಲ್ಲಿ ಎಂಬುದು ಕುಂಚ ಎತ್ತುವ ಮೊದಲೇ ನಿರ್ಧಾರವಾಗಿರಬೇಕು. ನನ್ನ ವಿದ್ಯಾರ್ಥಿಗಳು ಚಿತ್ರದಲ್ಲಿ ಬೆಳಕನ್ನು ಕೊನೆಗೆ ಪೋಸ್ಟರ್ ಬಣ್ಣದ ಬಿಳಿಯಿಂದ ಇಡುತ್ತಾರೆ, ನಾನೂ ಹಾಗೆಯೇ ಕಲಿತವನು. ಈ ಹಾಳೆಯ ಮುಂದೆ ಕುಳಿತಾಗ ಅದನ್ನೆಲ್ಲ ತಿರುಗುಮುರುಗು ಮಾಡಿಕೊಳ್ಳಬೇಕಾಯಿತು.

ಮೊದಲ ನಕಲು ಕೆಟ್ಟಿತು. ಗೆರೆ ಎಳೆದು ಹತ್ತು ನಿಮಿಷವೂ ಆಗುವ ಮೊದಲೇ ವಾಶ್ ಹಾಕಿದೆ. ಇನ್ನೂ ಗಟ್ಟಿಯಾಗದ ಮಸಿ ನೀರಿನೊಡನೆ ಹರಿದು, ಮಿರ್ರಾಳ ತೊಗಟೆ ಬಿರಿದ ಜಾಗವೆಲ್ಲ ಒಂದೇ ಕಲೆಯಾಯಿತು. ಎರಡನೆಯ ಬಾರಿ ಒಂದು ರಾತ್ರಿ ಕಾದೆ. ಆಗ ಗೆರೆಗಳು ಅಲುಗಲಿಲ್ಲ, ಆದರೆ ವಾಶ್ ಅಂಚುಗಳು ಗರಗಸದಂತೆ ಗಡುಸಾಗಿ ನಿಂತವು. ಕಾರಣ ನಮ್ಮ ಬಿಸಿಲು. ಏಪ್ರಿಲ್ ತಿಂಗಳ ಕೊಪ್ಪಳದಲ್ಲಿ ಕುಂಚ ಹಾಳೆಯ ಆ ತುದಿ ಮುಟ್ಟುವುದರೊಳಗೆ ಈ ತುದಿ ಒಣಗಿರುತ್ತದೆ. ಮುಂದೆ ಬೆಳಗಿನ ನಾಲ್ಕೂವರೆಗೆ ಎದ್ದು, ಕಿಟಕಿಗೆ ಒದ್ದೆ ಗೋಣಿತಾಟು ಕಟ್ಟಿ, ಸೂರ್ಯ ಏರುವ ಮೊದಲು ಕೆಲಸ ಮುಗಿಸುವುದನ್ನು ರೂಢಿ ಮಾಡಿಕೊಂಡೆ. ನೆರಳಿನ ಅಂಚು ಎಲ್ಲಿ ಕರಗಬೇಕೋ ಅಲ್ಲಿ ಇನ್ನೊಂದು ಶುದ್ಧ ನೀರಿನ ಕುಂಚವನ್ನು ಸಿದ್ಧವಾಗಿ ಹಿಡಿದಿರಬೇಕು ಎಂಬುದೂ ಆಗಲೇ ತಿಳಿದದ್ದು.

ಬೆಳಕನ್ನು ಮೊದಲೇ ನಿರ್ಧರಿಸುವುದು ಹೇಗೆ? 1624ರಲ್ಲಿ ರೋಮಿಗೆ ಹೋಗಿ ಅಲ್ಲಿಯೇ ನೆಲೆ ನಿಂತ ಪುಸ್ಸೆನ್, ಮುಂದಿನ ವರ್ಷಗಳಲ್ಲಿ ಮೇಣದ ಪುಟ್ಟ ಗೊಂಬೆಗಳನ್ನು ಮಾಡಿ, ಅವಕ್ಕೆ ಬಟ್ಟೆ ಹೊದಿಸಿ, ಒಂದು ಪೆಟ್ಟಿಗೆಯೊಳಗೆ ನಿಲ್ಲಿಸಿ, ಕಿಂಡಿಗಳಿಂದ ಬೆಳಕು ಬಿಟ್ಟು ನೆರಳುಗಳನ್ನು ನೋಡುತ್ತಿದ್ದನೆಂದು ಅವನನ್ನು ಬಲ್ಲವರು ಬರೆದಿಟ್ಟಿದ್ದಾರೆ. ಇದನ್ನು ಓದಿದ ಮೇಲೆ ಕೊಪ್ಪಳದಲ್ಲಿರುವವನು ಕಿನ್ನಾಳಕ್ಕೆ ಹೋಗದೆ ಇರುವುದು ಹೇಗೆ? ಅಲ್ಲಿಯ ಚಿತ್ರಗಾರರು ಹಗುರ ಮರದಲ್ಲಿ ಕೆತ್ತಿದ ಭಾಗಗಳನ್ನು ಹುಣಸೆಬೀಜದ ಅಂಟಿನಿಂದ ಜೋಡಿಸಿ, ಮರದ ಹೊಟ್ಟು ಮತ್ತು ಸೆಣಬಿನ ನಾರಿನಿಂದ ಸಂದುಗಳನ್ನು ತುಂಬಿ, ಬಿಳಿಯ ಪದರ ಕೊಟ್ಟು, ಆಮೇಲೆ ಬಣ್ಣಕ್ಕೆ ಕೈ ಹಾಕುತ್ತಾರೆ. ಬಣ್ಣ ಹಚ್ಚಿದ ಗೊಂಬೆಯ ಹೊಳಪು ನನ್ನ ಕೆಲಸಕ್ಕೆ ಅಡ್ಡಿಯಾಗುತ್ತಿತ್ತು, ಆದ್ದರಿಂದ ಬಿಳಿಯ ಹಂತದಲ್ಲಿಯೇ ನಾಲ್ಕು ಗೊಂಬೆಗಳನ್ನು ಕೊಡಿರೆಂದು ಒಬ್ಬ ಹಿರಿಯ ಕಲಾವಿದರನ್ನು ಕೇಳಿಕೊಂಡೆ. "ಹಿಂಗ ಒಯ್ದ್ರ ಗೊಂಬಿ ಕುರುಡ ಆಕ್ಕಾವಲ್ರೀ ಮಾಸ್ತರ, ಕಣ್ಣ ಬರೀಲಿಲ್ಲಂದ್ರ" ಎಂದರು. ಕೆಲಸ ಮುಗಿದ ಮೇಲೆ ಕಣ್ಣು ಬರೆಸಲು ತಂದುಕೊಡುತ್ತೇನೆಂದು ಮಾತು ಕೊಟ್ಟು ತಂದೆ.

ಚಪ್ಪಲಿಯ ಪೆಟ್ಟಿಗೆಯ ಎಡಗಡೆಗೆ ಎರಡು ಬೆರಳಗಲದ ಕಿಂಡಿ ಕೊರೆದು, ಹಳೆಯ ಪಂಚೆಯ ತುಂಡನ್ನು ನೀರಿನಲ್ಲಿ ಅದ್ದಿ ಗೊಂಬೆಗಳಿಗೆ ಸುತ್ತಿ, ನಡುವೆ ಜಾಲಿಯ ಕವಲುಕೊಂಬೆಯೊಂದನ್ನು ಮಿರ್ರಾಳ ಬದಲಾಗಿ ನಿಲ್ಲಿಸಿ ಒಳಗೆ ನೋಡಿದೆ. ಬೆಳಕು ಒಂದೇ ಕಡೆಯಿಂದ ಬಂದಾಗ ನಾಲ್ಕು ಮೈಗಳು ನಾಲ್ಕಾಗಿ ಉಳಿಯುವುದಿಲ್ಲ. ಒಂದರ ನೆರಳು ಇನ್ನೊಂದರ ಮಡಿಲಿಗೆ ಬಿದ್ದು ಎರಡೂ ಸೇರುತ್ತವೆ, ಮೂರನೆಯದರ ಭುಜ ಮಾತ್ರ ಕತ್ತಲೆಯಿಂದ ಹೊರಗೆ ಬರುತ್ತದೆ. ಪುಸ್ಸೆನ್‌ನ ಹಾಳೆಯಲ್ಲಿ ಒತ್ತೊತ್ತಾಗಿ ಬಾಗಿ ನಿಂತ ಹೆಂಗಸರು ಒಂದು ಗುಂಪಾಗಿಯೂ ಒಬ್ಬೊಬ್ಬರಾಗಿಯೂ ಕಾಣುವುದರ ಗುಟ್ಟು ಇದು. ಅವನು ನೆರಳುಗಳನ್ನು ಒಬ್ಬೊಬ್ಬರಿಗೆ ಹಂಚದೆ ಇಡೀ ಗುಂಪಿಗೆ ಒಂದು ಹಾಸಾಗಿ ಎಳೆದಿದ್ದಾನೆ, ಗೆರೆಯ ಗಡಿಯನ್ನು ದಾಟಿ ವಾಶ್ ಹರಿದಿದೆ. ಗೆರೆ ಒಂದನ್ನು ಹೇಳುತ್ತದೆ, ನೆರಳು ಇನ್ನೊಂದನ್ನು ಹೇಳುತ್ತದೆ, ಎರಡೂ ಒಂದರ ಮೇಲೊಂದು ಕೂತಾಗ ಚಿತ್ರದ ಮೈ ದುಂಡಾಗಿ ತಿರುಗಿದಂತೆ ಕಾಣುತ್ತದೆ.

ಹಂಪಿಯ ವಿರೂಪಾಕ್ಷ ದೇವಾಲಯದ ರಂಗಮಂಟಪದ ಛಾವಣಿಯಲ್ಲಿ ಮನ್ಮಥನು ಶಿವನತ್ತ ಬಾಣ ಹೂಡಿರುವ ಚಿತ್ರವನ್ನು ನಾನು ಬಾಲ್ಯದಿಂದ ಕತ್ತೆತ್ತಿ ನೋಡುತ್ತ ಬಂದಿದ್ದೇನೆ. ಅಲ್ಲಿ ಬಣ್ಣ ಗೆರೆಯನ್ನು ದಾಟುವುದಿಲ್ಲ. ಕಪ್ಪು ಗೆರೆ ಆಕೃತಿಯನ್ನು ಸುತ್ತುವರಿದು ಮುಚ್ಚುತ್ತದೆ, ಒಳಗಿನ ಬಣ್ಣ ಸಮತಟ್ಟಾಗಿ ನಿಲ್ಲುತ್ತದೆ, ಬೆಳಕು ಯಾವ ದಿಕ್ಕಿನಿಂದ ಬರುತ್ತದೆ ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ. ದೇವರ ಮೈಮೇಲೆ ಇನ್ನೊಬ್ಬರ ನೆರಳು ಬೀಳುವಂತಿಲ್ಲ. ಎರಡೂ ದೇವತೆಗಳ ಕಥೆಗಳೇ, ಎರಡರಲ್ಲೂ ಕಾಮವೇ ಕಾರಣ, ಆದರೆ ಕೈಯ ನಂಬಿಕೆಗಳು ಬೇರೆ. ಇಲ್ಲಿ ಡಚ್ ಕಲಾವಿದ ರೆಂಬ್ರಾಂಟ್‌ನನ್ನು ನೆನೆಯಬೇಕು. ಸುಮಾರು 1656ರಿಂದ 1661ರ ನಡುವೆ ಅವನು ಭಾರತದಿಂದ ಹೋದ ಮೊಘಲ್ ಚಿತ್ರಗಳನ್ನು ಮುಂದಿಟ್ಟುಕೊಂಡು ಕಂದು ಮಸಿಯಲ್ಲಿ ನಕಲು ಮಾಡಿದ್ದಾನೆ. 20ಕ್ಕೂ ಹೆಚ್ಚು ಹಾಳೆಗಳು ಉಳಿದಿವೆ. ಮಾಮೂಲಿನ ಒರಟು ಕಾಗದವನ್ನು ಬಿಟ್ಟು ನುಣುಪಾದ ಜಪಾನಿ ಕಾಗದವನ್ನು ಆರಿಸಿಕೊಂಡ ಅವನ ಆಯ್ಕೆಯಲ್ಲಿಯೇ, ನಮ್ಮವರ ಗೆರೆಗೆ ಎಂಥ ನೆಲ ಬೇಕೆಂಬುದನ್ನು ಅವನು ಗ್ರಹಿಸಿದ್ದನೆಂದು ನನಗೆ ಅನ್ನಿಸುತ್ತದೆ.

ಯುರೋಪಿನ ಕಾಗದವೂ ಸುಮ್ಮನೆ ಕುಳಿತಿರುವ ವಸ್ತುವಲ್ಲ. ಹಳೆಯ ನಾರುಬಟ್ಟೆಯನ್ನು ಕೊಳೆಸಿ ಜಜ್ಜಿ, ತಂತಿಯ ಜರಡಿಯಲ್ಲಿ ಎತ್ತಿ, ಚರ್ಮ-ಮೂಳೆ ಕುದಿಸಿದ ಸರೇಸಿನಲ್ಲಿ ಅದ್ದಿ ಒಣಗಿಸುತ್ತಿದ್ದರು. ಸರೇಸು ಇಲ್ಲದ ಕಾಗದ ಮಸಿಯನ್ನು ಕುಡಿದುಬಿಡುತ್ತದೆ. ಜರಡಿಯ ತಂತಿಗಳ ಗುರುತು ಕಾಗದದಲ್ಲಿ ಸಾಲುಸಾಲಾಗಿ ಉಳಿಯುತ್ತದೆ, ಚಾಕ್ ಎಳೆದಾಗ ಪುಡಿ ಆ ದಿಬ್ಬಗಳಿಗೆ ಮಾತ್ರ ಅಂಟಿಕೊಂಡು ನೆರಳಿನೊಳಗೆ ಗಾಳಿಯಾಡಿದಂತೆ ಕಾಣುತ್ತದೆ. ನೀಲಿ ಚಿಂದಿಗಳಿಂದ ಮಾಡಿದ ನೀಲಿ ಕಾಗದದ ಮೇಲೆ ಕರಿ ಚಾಕ್ ನೆರಳಾಗಿ, ಬಿಳಿ ಚಾಕ್ ಬೆಳಕಾಗಿ, ಕಾಗದವೇ ನಡುವಿನ ಛಾಯೆಯಾಗಿ ಕೆಲಸ ಮಾಡುತ್ತಿತ್ತು. ರೋಮಿನ ಫರ್ನೇಸೆ ಅರಮನೆಯ ಛಾವಣಿಗೆ ದೇವತೆಗಳ ಪ್ರಣಯಗಳನ್ನು ಚಿತ್ರಿಸಲು 1597ರ ಸುಮಾರಿಗೆ ತೊಡಗಿದ ಅನ್ನಿಬಾಲೆ ಕರಾಚ್ಚಿ ಇಂಥ ಕಾಗದದ ಮೇಲೆ ಒಂದೊಂದು ಆಕೃತಿಯನ್ನೂ ಅಭ್ಯಾಸ ಮಾಡಿದ್ದಾನೆ. ಅದೇ ಛಾವಣಿಗಾಗಿ ಅವನ ಅಣ್ಣ ಅಗೊಸ್ಟಿನೊ ಇದ್ದಿಲು ಮತ್ತು ಬಿಳಿ ಚಾಕ್‌ನಲ್ಲಿ ಮಾಡಿದ ಎರಡು ಪೂರ್ಣ ಅಳತೆಯ ಹಾಳೆಗಳು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿವೆ. ಒಂದೊಂದೂ ಸುಮಾರು 2 ಮೀಟರ್ ಎತ್ತರ, 4 ಮೀಟರ್ ಅಗಲ. ಇಂಥ ಹಾಳೆಯಿಂದ ಗೋಡೆಗೆ ಗೆರೆ ದಾಟಿಸಲು ಮೊನೆಯಿಂದ ಗೀರುತ್ತಿದ್ದರು, ಇಲ್ಲವೆ ಗೆರೆಯುದ್ದಕ್ಕೂ ತೂತು ಚುಚ್ಚಿ ಇದ್ದಿಲ ಪುಡಿಯ ಚೀಲ ತಟ್ಟುತ್ತಿದ್ದರು. ನಮ್ಮ ಪೇಟೆಯಲ್ಲಿ ಸೀರೆಯ ಮೇಲೆ ಕಸೂತಿಗೆ ಗುರುತು ಹಾಕುವವರು ತೂತು ಚುಚ್ಚಿದ ಕಾಗದದ ಮೇಲೆ ಸೀಮೆಎಣ್ಣೆಯಲ್ಲಿ ಕಲಸಿದ ಪುಡಿಯನ್ನು ಒರೆಸುವುದು ಇದೇ ಕೆಲಸ.

ಕೆಂಪು ಚಾಕ್ ಬಗ್ಗೆ ಬರೆಯದೆ ಹೋದರೆ ಬಳ್ಳಾರಿ ಸೀಮೆಗೆ ಅನ್ಯಾಯವಾದೀತು. ಬರೋಕ್ ಕಲಾವಿದರು ಮನುಷ್ಯನ ಮೈಯನ್ನು ಚಿತ್ರಿಸಲು ಬಹಳ ಪ್ರೀತಿಯಿಂದ ಬಳಸಿದ ಆ ಕೆಂಪು, ಜೇಡಿಯೊಡನೆ ಬೆರೆತ ಹೆಮಟೈಟ್. ಸಂಡೂರಿನ ಬೆಟ್ಟಗಳಿಂದ ಲಾರಿಗಳಲ್ಲಿ ಹೋಗುವ ಕಬ್ಬಿಣದ ಅದಿರೂ ಹೆಮಟೈಟೇ. ರಸ್ತೆಬದಿಯಲ್ಲಿ ಬಿದ್ದ ಅದಿರಿನ ತುಂಡಿನಿಂದ ಎಳೆದಾಗ ಬಣ್ಣ ಬಂತು, ಜೊತೆಗೆ ಕಾಗದವೂ ಗೀರಿಹೋಯಿತು. ಗಟ್ಟಿ ಅದಿರಿಗಿಂತ ಮೆದು ಕೆಮ್ಮಣ್ಣು ಬೇಕಾಗಿತ್ತು. ಅದನ್ನು ನೀರಿನಲ್ಲಿ ಕದಡಿ, ಮರಳು ತಳಕ್ಕಿಳಿದ ಮೇಲೆ ಮೇಲಿನ ಕೆಂಪು ನೀರನ್ನು ಬಸಿದು ಒಣಗಿಸಿ, ತುಸು ಗೋಂದಿನಲ್ಲಿ ಕಲಸಿ ಬೆರಳಗಾತ್ರದ ಕಡ್ಡಿ ಮಾಡಿದೆ. ಗೋಂದು ಹೆಚ್ಚಾದವು ಜಾರಿದವು, ಕಡಿಮೆಯಾದವು ಮುರಿದವು, ಆರನೆಯ ಹದ ಕೈಗೆ ಹತ್ತಿತು. ಈ ಕೆಂಪನ್ನು ಅಳಿಸುವುದು ಕಷ್ಟ; ಆದರೆ ಒದ್ದೆ ಕಾಗದವನ್ನು ಮೇಲಿಟ್ಟು ಒತ್ತಿದರೆ ತಿರುವುಮುರುವಾದ ಇನ್ನೊಂದು ಪ್ರತಿ ಎದ್ದುಬರುತ್ತದೆ. ಅಂದಿನ ಕಾರ್ಯಾಗಾರಗಳಲ್ಲಿ ಇದು ರೂಢಿಯಲ್ಲಿತ್ತು. ನನ್ನ ಒಂಬತ್ತನೆಯ ತರಗತಿಯ ಮಕ್ಕಳಿಗೆ ತೋರಿಸಿದಾಗ ಅವರು ಅರ್ಧ ದಿನ ಬೇರೇನೂ ಮಾಡಲಿಲ್ಲ.

ಪುಸ್ಸೆನ್‌ಗೆ ವಯಸ್ಸಾದಂತೆ ಕೈ ನಡುಗತೊಡಗಿತು. ಕೊನೆಯ ವರ್ಷಗಳ ಹಾಳೆಗಳಲ್ಲಿ ಗೆರೆ ಕಂಪಿಸುವುದು ಸ್ಪಷ್ಟವಾಗಿ ಕಾಣುತ್ತದೆ. ಅಪೊಲೊ ಮತ್ತು ಡಾಫ್ನೆಯ ತೈಲಚಿತ್ರವನ್ನು ಮುಗಿಸಲಾಗದೆ 1664ರಲ್ಲಿ ಹಾಗೆಯೇ, ಮುಂದೆ ಕಾರ್ಡಿನಲ್ ಎಂಬ ಉನ್ನತ ಧರ್ಮಾಧಿಕಾರಿಯಾದ ಮಾಸ್ಸಿಮಿಗೆ ಕೊಟ್ಟುಬಿಟ್ಟನು, ಮರುವರ್ಷ ತೀರಿಕೊಂಡನು. ಡಾಫ್ನೆಯೂ ಮರವಾದವಳೇ. ತರುಣನಾಗಿದ್ದಾಗ ಮಿರ್ರಾಳ ಬೆರಳುಗಳನ್ನು ಒಂದೇ ಉಸಿರಿನಲ್ಲಿ ರೆಂಬೆಗಳಾಗಿಸಿದ ಕೈ ನಲವತ್ತು ವರ್ಷಗಳ ಮೇಲೆ ಅದೇ ಕೆಲಸಕ್ಕೆ ಮರಳಿ ಬಂದಿತ್ತು ಎಂಬುದನ್ನು ನೆನೆದಾಗ, ಆ ಹಳೆಯ ಪುಟ್ಟ ಹಾಳೆಯ ಗೆರೆಗಳನ್ನು ಇನ್ನೂ ನಿಧಾನವಾಗಿ ನೋಡಬೇಕೆನಿಸುತ್ತದೆ.

ನನ್ನ ನಾಲ್ಕನೆಯ ನಕಲು ಈಗ ಹಲಗೆಯ ಮೇಲಿದೆ. ಗೆರೆಗಳು ಕಪ್ಪಾಗಿ ನಿಂತಿವೆ, ಎಡಗಡೆಯ ಹೆಂಗಸರಿಗೆ ಮೊದಲ ವಾಶ್ ಬಿದ್ದಿದೆ. ಮಗುವನ್ನು ಎತ್ತಿಕೊಂಡವಳ ಮುಂಗೈ ಮತ್ತು ಮಗುವಿನ ಬೆನ್ನು ಇರುವ ಹೆಬ್ಬೆರಳಗಲದ ಜಾಗವನ್ನು ಮುಟ್ಟದೆ ಬಿಟ್ಟಿದ್ದೇನೆ, ಅಲ್ಲಿ ಕಾಗದ ಕಾಗದವಾಗಿಯೇ ಇರಬೇಕು. ಕಣ್ಣು ಬರೆಸಲು ಗೊಂಬೆಗಳನ್ನು ಬರುವ ಭಾನುವಾರ ಕಿನ್ನಾಳಕ್ಕೆ ಒಯ್ಯಬೇಕು.